ಹತ್ತು ನಿಮಿಷ ದೊಡ್ಡವನು

ಅವಳಿಗಳಲ್ಲೂ ಒಬ್ಬ ಅಣ್ಣನಾಗಲೇಬೇಕು, ಇನ್ನೊಬ್ಬ ತಮ್ಮನಾಗಲೇಬೇಕು. ನಡುವೆ ನಿಲ್ಲಲು ಜಾಗವಿಲ್ಲ. ಈ ಇಬ್ಬರ ನಡುವೆ ಇದ್ದದ್ದು ಹತ್ತು ನಿಮಿಷ. ಹೆರಿಗೆ ಮಾಡಿಸಿದ ದಾದಿ ಗೋಡೆಯ ಗಡಿಯಾರ ನೋಡಿ ಹೇಳಿದ ಲೆಕ್ಕ ಅದು. ಅದರ ಮೇಲೆ ಯಾರೂ ಮೇಲ್ಮನವಿ ಹಾಕಲಿಲ್ಲ.

ಆ ಹತ್ತು ನಿಮಿಷವನ್ನು ಅಣ್ಣನಾದವನು ಜೀವಮಾನವಿಡೀ ಚೆನ್ನಾಗಿ ಅನುಭವಿಸಿದ. ಕಿಟಕಿಯ ಪಕ್ಕದ ಹಾಸಿಗೆ ಅವನದು. ಮೊದಲ ಬಿಸಿನೀರು ಅವನದು. ಹೊಸ ಅಂಗಿಯೂ ಅವನದೇ. ಇಬ್ಬರ ಅಳತೆ ಒಂದೇ ಆದರೂ ತಮ್ಮನಿಗೆ ಅದು ಕಾಲರು ಸವೆದ ಮೇಲೆಯೇ ಸಿಗುತ್ತಿತ್ತು. ತಮ್ಮ ತಕರಾರು ತೆಗೆದಾಗಲೆಲ್ಲ ಅವರಮ್ಮ, “ಅವನು ನಿನಗಿಂತ ದೊಡ್ಡವನಲ್ವೇನೋ, ಹೊಂದಿಕೊಂಡು ಹೋಗು” ಎನ್ನುತ್ತಿದ್ದಳು. ಇಬ್ಬರೂ ಸೇರಿ ಏನಾದರೂ ಒಡೆದು ಹಾಕಿದಾಗ ಮಾತ್ರ ಅದೇ ಮಾತು ಮಗ್ಗುಲು ಬದಲಿಸುತ್ತಿತ್ತು. “ದೊಡ್ಡವನಾಗಿ ನಿನಗಾದ್ರೂ ಬುದ್ಧಿ ಬೇಡ್ವಾ?” ಎಂದು ಏಟೆಲ್ಲ ಅಣ್ಣನಿಗೇ ಬೀಳುತ್ತಿತ್ತು. ಆ ಹೊತ್ತು ತಮ್ಮ ಹತ್ತು ನಿಮಿಷದ ಅಂತರವನ್ನು ಮನಸಾರೆ ಒಪ್ಪಿಕೊಂಡು ಬಾಗಿಲ ಹಿಂದೆ ನಿಂತಿರುತ್ತಿದ್ದ.

ದೊಡ್ಡವರಾದ ಮೇಲೆ ಇಬ್ಬರೂ ಒಟ್ಟಿಗೇ ಕಟ್ಟಡದ ಕೆಲಸಕ್ಕೆ ಸೇರಿದರು. ಎತ್ತರದ ಕ್ರೇನಿನ ಕ್ಯಾಬಿನ್ನಿನಲ್ಲಿ ಕೂತು ಅದನ್ನು ನಡೆಸಲು ಒಬ್ಬ ಬೇಕಿತ್ತು. ನೆಲದ ಮೇಲೆ ಭಾರದ ಪಕ್ಕ ನಿಂತು ಅವನಿಗೆ ಕೈಸನ್ನೆ ಮಾಡಲು ಇನ್ನೊಬ್ಬ. ಯಾರು ಮೇಲೆ ಎಂಬ ಚರ್ಚೆಗೆ ಅಣ್ಣ ಆಸ್ಪದವನ್ನೇ ಕೊಡಲಿಲ್ಲ. “ದೊಡ್ಡವನು ನಾನು” ಎಂದು ಏಣಿ ಹತ್ತಿದ. ಅರ್ಧ ದಾರಿಯಲ್ಲಿ ಒಮ್ಮೆ ಕೆಳಗೆ ನೋಡಿದ. ಸ್ವಲ್ಪ ಹೊತ್ತು ಏಣಿಯನ್ನು ಅಪ್ಪಿಕೊಂಡಿದ್ದು ನಿಧಾನಕ್ಕೆ ಇಳಿದು ಬಂದ.

“ಏನಾಯ್ತಣ್ಣ?”

“ಏನೂ ಆಗ್ಲಿಲ್ಲ. ಯೋಚನೆ ಮಾಡಿದೆ. ಜವಾಬ್ದಾರಿ ಎಲ್ಲಾ ಕೆಳಗೇ ಇರೋದು.”

ಅದು ಸುಳ್ಳೂ ಅಲ್ಲ. ಮೇಲೆ ಕೂತವನಿಗೆ ಭಾರ ಇಳಿಯುವ ಜಾಗ ಎಷ್ಟೋ ಸಲ ಕಾಣುವುದೇ ಇಲ್ಲ. ಕೆಳಗಿನವನು ಬೆರಳು ಮೇಲೆ ಮಾಡಿ ತಿರುಗಿಸಿದರೆ ಎತ್ತಬೇಕು, ಕೆಳಗೆ ಮಾಡಿ ತಿರುಗಿಸಿದರೆ ಇಳಿಸಬೇಕು, ತೋಳು ಚಾಚಿದರೆ ಚಾಚಿದ ಕಡೆಗೆ ತಿರುಗಬೇಕು. ಯಾಕೆ ಎಂದು ಕೇಳುವಂತಿಲ್ಲ. ಹೀಗಾಗಿ ಮನೆಯಲ್ಲಿ ಇದ್ದ ವ್ಯವಸ್ಥೆಯೇ ಕೆಲಸದಲ್ಲೂ ಮುಂದುವರಿಯಿತು. ತಮ್ಮ ಮಾತ್ರ ಇಪ್ಪತ್ತು ಮಹಡಿ ಎತ್ತರಕ್ಕೆ ಹೋಗಿದ್ದ, ಅಷ್ಟೇ ವ್ಯತ್ಯಾಸ.

ಸೈಟಿನಲ್ಲಿ ಒಂದೇ ಮುಖದ ಇಬ್ಬರನ್ನು ಗುರುತಿಸುವ ಕಷ್ಟ ಯಾರಿಗೆ ಬೇಕು? ಅಣ್ಣ ‘ಕೆಳಗಿನವನು’ ಆದ, ತಮ್ಮ ‘ಮೇಲಿನವನು’ ಆದ. ಸಿಮೆಂಟು ತಡವಾದರೆ ಮೇಸ್ತ್ರಿ ಆಕಾಶಕ್ಕೆ ಕೈ ತೋರಿಸಿ, “ನನ್ನ ಕೈಯಲ್ಲೇನಿದೆ, ಎಲ್ಲಾ ಮೇಲಿನವನ ಇಚ್ಛೆ” ಎನ್ನುತ್ತಿದ್ದ. ಇಂಜಿನಿಯರುಗಳು ಅದನ್ನು ದೈವಭಕ್ತಿ ಎಂದುಕೊಳ್ಳುತ್ತಿದ್ದರು.

ಮೇಲಿನವನು ಬೆಳಿಗ್ಗೆ ಹತ್ತಿದರೆ ಸಂಜೆಗೇ ಇಳಿಯುತ್ತಿದ್ದದ್ದು. ಊಟದ ಡಬ್ಬಿ, ಕುಡಿಯಲು ಒಂದು ನೀರಿನ ಬಾಟಲಿ, ಕುಡಿದದ್ದಕ್ಕೆ ಇನ್ನೊಂದು ಬಾಟಲಿ, ಇವು ಅವನ ಸಾಮಾನು. ಹೀಗೆ ಅವನು ತನ್ನ ಅಣ್ಣನನ್ನು ಬದುಕಿನ ಬಹುಪಾಲು ನೆತ್ತಿಯ ಮೇಲಿನಿಂದಲೇ ನೋಡಿದ: ಒಂದು ಹಳದಿ ಹೆಲ್ಮೆಟ್ಟು, ಅದರ ಎರಡು ಪಕ್ಕಕ್ಕೆ ಎರಡು ಕೈ. ಮುಖ ಬೇಕಿರಲಿಲ್ಲ. ಹೆಲ್ಮೆಟ್ಟು ಎಡಕ್ಕೆ ವಾಲಿದ್ದರೆ ರಾತ್ರಿ ಅತ್ತಿಗೆಯ ಜೊತೆ ಜಗಳವಾಗಿದೆ. ಕೈ ಭುಜಕ್ಕಿಂತ ಮೇಲೆ ಏಳದಿದ್ದರೆ ಬೆನ್ನು ಹಿಡಿದಿದೆ. ಒಮ್ಮೆ ಕೆಳಗಿನವನ ಕಿವಿಯ ಬಳಿ ಕಣಜವೊಂದು ಬಂತು. ಅವನು ಕೈ ಬೀಸಿದ. ಮೇಲೆ ತೂಗುತ್ತಿದ್ದ ಕಂಬಿಯ ಕಟ್ಟು ಎಡಕ್ಕೆ ಹೊರಟು ಸೈಟಿನ ಕಚೇರಿಯ ತಗಡಿನ ಮಾಡಿನ ಮೇಲೆ ಹೋಗಿ ನಿಂತಿತು.

“ಕಣ್ಣಿಲ್ವೇನೋ ನಿಂಗೆ? ಕಣಜ ಓಡಿಸ್ತಿದ್ದೆ ಕಣೋ!”

“ನೀನು ಎಡಕ್ಕೆ ಅಂದೆ, ನಾನು ಎಡಕ್ಕೆ ಬಂದೆ. ಕಣಜಕ್ಕೆ ಬೇರೆ ಸನ್ನೆ ಇಟ್ಕೋ.”

ಅಂದಿನಿಂದ ಕೆಳಗಿನವನು ಕೆಲಸವಿಲ್ಲದಾಗ ಎರಡೂ ಕೈಗಳನ್ನು ಜೇಬಿನಲ್ಲಿಟ್ಟುಕೊಳ್ಳುವುದನ್ನು ಕಲಿತ. ಬೀದಿಯಲ್ಲಿ ಪರಿಚಯದವರು ಸಿಕ್ಕಿದರೂ ಕೈ ಹೊರಗೆ ಬರುತ್ತಿರಲಿಲ್ಲ. ಜಂಬದ ಮನುಷ್ಯ ಎಂದು ಹೆಸರಾಯಿತು. ಕಂಪನಿಯವರು ವಾಕಿಟಾಕಿ ಕೊಟ್ಟ ಮೇಲೂ ಇಬ್ಬರೂ ಕೆಲಸವನ್ನು ಕೈಸನ್ನೆಯಲ್ಲೇ ನಡೆಸಿದರು. ವಾಕಿಟಾಕಿಯನ್ನು ಜಗಳಕ್ಕೆ ಇಟ್ಟುಕೊಂಡರು.

ಅಣ್ಣನಿಗೆ ಮೊದಲು ಮದುವೆಯಾಯಿತು. ವರಸೆಯ ಪ್ರಕಾರ ಹುಡುಗಿ ಅತ್ತಿಗೆಯಾದಳು. ಹತ್ತು ನಿಮಿಷ ಆಚೀಚೆಯಾಗಿದ್ದರೆ ನಾದಿನಿಯಾಗಿ ಬರುತ್ತಿದ್ದವಳು ಅತ್ತಿಗೆಯಾಗಿ ಬಂದು, ತನಗಿಂತ ಆರು ವರ್ಷ ದೊಡ್ಡವನಾದ ಮೈದುನನನ್ನು ಮೊದಲ ದಿನದಿಂದಲೇ ‘ನೀನು’ ಎಂದಳು. ಅವನು ‘ನೀವು’ ಎಂದ. ಅವನ ಮದುವೆಯ ಸರದಿ ಬಂದಾಗ, ಹೆಣ್ಣಿನ ಕಡೆಯವರು ನೋಡಲು ಬಂದಾಗಲೆಲ್ಲ ಅವನು ಕ್ರೇನಿನ ಮೇಲಿರುತ್ತಿದ್ದ. ಕೆಲವರು ಕೆಳಗಿನಿಂದಲೇ ಕತ್ತೆತ್ತಿ ನೋಡಿ ಹೋದರು. ಸಂಬಂಧ ಕೂಡಲಿಲ್ಲ. ಮೂವರೂ ಒಂದು ಹಳೆಯ ಕಟ್ಟಡದ ನಾಲ್ಕನೇ ಮಹಡಿಯಲ್ಲಿ ಒಟ್ಟಿಗೆ ಉಳಿದರು. ಆ ಕಟ್ಟಡಕ್ಕೆ ಲಿಫ್ಟ್ ಇರಲಿಲ್ಲ.

ಅದೇ ಕಟ್ಟಡದ ಎರಡನೇ ಮಹಡಿಯಲ್ಲಿ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ಮೇಷ್ಟ್ರೊಬ್ಬರಿದ್ದರು. ಭಾನುವಾರ ಬೆಳಿಗ್ಗೆ ಅಣ್ಣ ತಮ್ಮಂದಿರೂ ಮೇಷ್ಟ್ರೂ ಕಾಂಪೌಂಡಿನ ಗೋಡೆಯ ಮೇಲೆ ಕೂತು ಚಹಾ ಕುಡಿಯುವುದು ರೂಢಿ. ಅಂಥ ಒಂದು ಭಾನುವಾರ ಮೇಷ್ಟ್ರು, ಮಾತಿಗೆ ಮಾತು ಬಂದು, ಎತ್ತರದಲ್ಲಿ ಕಾಲ ಸ್ವಲ್ಪ ಬೇಗ ಓಡುತ್ತದೆ ಎಂದುಬಿಟ್ಟರು.

ಮೇಲಿನವನು ಲೋಟ ಕೆಳಗಿಟ್ಟ. “ಯಾವ ಎತ್ತರದಲ್ಲಿ?”

“ಯಾವ ಎತ್ತರ ಆದ್ರೂ. ಭೂಮಿಗೆ ಹತ್ತಿರ ಇದ್ದಷ್ಟೂ ಕಾಲ ನಿಧಾನ, ದೂರ ಹೋದಷ್ಟೂ ಬೇಗ. ಇದು ಕತೆ ಅಲ್ಲಪ್ಪ, ಗಡಿಯಾರ ಇಟ್ಟು ಅಳೆದಿದಾರೆ. ಒಂದು ಮೊಳ ಮೇಲೆ ಕೆಳಗೆ ಇಟ್ರೂ ಗೊತ್ತಾಗೋಷ್ಟು ಸೂಕ್ಷ್ಮ ಗಡಿಯಾರ ಇವೆ ಈಗ.”

“ಅಂದ್ರೆ ಕ್ರೇನಲ್ಲಿ ಕೂತ ನಂಗೆ ಇವನಿಗಿಂತ ಬೇಗ ವಯಸ್ಸಾಗುತ್ತೆ.”

“ಆಗುತ್ತೆ.”

“ಅಂದ್ರೆ ಒಂದಲ್ಲ ಒಂದಿನ ಹತ್ತು ನಿಮಿಷ ತುಂಬುತ್ತೆ. ಆಮೇಲೆ ನಾನೇ ಅಣ್ಣ.”

ಕೆಳಗಿನವನು ಜೇಬಿನಿಂದ ಕೈ ತೆಗೆದ. ಅವನಿಗೆ ಆತಂಕವಾದದ್ದು ಅದರಿಂದಲೇ ತಿಳಿಯುತ್ತಿತ್ತು. “ಮೇಷ್ಟ್ರೇ, ಸರಿಯಾಗಿ ಲೆಕ್ಕ ಹಾಕಿ. ಆತುರ ಬೇಡ.”

ಮೇಷ್ಟ್ರು ಇಟ್ಟಿಗೆ ಚೂರಿನಿಂದ ಗೋಡೆಯ ಮೇಲೆ ಗೀಚಿ ಲೆಕ್ಕ ಹಾಕಿದರು. “ಹಗಲೂ ರಾತ್ರಿ ಮೇಲೇ ಕೂತಿದ್ರೆ ಸುಮಾರು ಮುನ್ನೂರು ಕೋಟಿ ವರ್ಷ ಬೇಕು. ಬರೀ ಪಾಳಿ ಮಾಡಿ ಇಳಿದ್ರೆ ಒಂಬೈನೂರು ಕೋಟಿ.”

ಮೇಲಿನವನು ಗೀಚಿದ್ದನ್ನು ಬಗ್ಗಿ ನೋಡಿದ. “ಓವರ್‌ಟೈಮ್ ಮಾಡಿದ್ರೆ?”

“ಇಷ್ಟು ವರ್ಷ ಮಾಡಿ ಎಷ್ಟು ಸಂಪಾದಿಸಿದೆಯೋ ಕೇಳು ಮೊದ್ಲು” ಎಂದ ಕೆಳಗಿನವನು.

“ಸೆಕೆಂಡನ್ನ ಹತ್ತು ಲಕ್ಷ ಪಾಲು ಮಾಡಿದ್ರೆ ಅದರಲ್ಲಿ ಒಂದೂವರೆ ಪಾಲು” ಎಂದರು ಮೇಷ್ಟ್ರು.

“ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ” ಎಂದು ಕೆಳಗಿನವನು ನಿರಾಳವಾಗಿ ಕೈಗಳನ್ನು ಮತ್ತೆ ಜೇಬಿಗೆ ಹಾಕಿದ.

ಮೇಲಿನವನು ಅಷ್ಟಕ್ಕೆ ಬಿಡುವವನಲ್ಲ. ಮುಂದಿನ ಭಾನುವಾರ ಬೇರೆ ದಾರಿ ಹಿಡಿದು ಬಂದ. ಮುಂದಕ್ಕೆ ಓಡಿ ಹಿಡಿಯುವುದು ಆಗದಿದ್ದರೆ ಹಿಂದಕ್ಕೆ ಹೋಗಬಹುದಲ್ಲ? ಹೋಗಿ ಹತ್ತು ನಿಮಿಷ ಮುಂಚೆ ಹುಟ್ಟಿಬಿಟ್ಟರೆ ಪ್ರಕರಣ ಬುಡದಲ್ಲೇ ಇತ್ಯರ್ಥ. ಭೌತಶಾಸ್ತ್ರ ಅದಕ್ಕೆ ಒಪ್ಪುತ್ತದೆಯೇ?

ಮೇಷ್ಟ್ರು ಸುಳ್ಳು ಹೇಳುವವರಲ್ಲ. “ಒಪ್ಪಲ್ಲ ಅಂತ ಖಡಾಖಂಡಿತವಾಗಿ ಹೇಳೋಕಾಗಲ್ಲ” ಎಂದರು. “ಸಮೀಕರಣ ಬಿಡಿಸ್ತಾ ಹೋದ್ರೆ ಹಿಂದಕ್ಕೆ ತಿರುಗೋ ದಾರಿಗಳೂ ಸಿಕ್ತವೆ. ಆಕಾಶಕ್ಕೇ ಒಂದು ತೂತು ಕೊರೆದು, ಅದರ ಒಂದು ಬಾಯಿ ಇವತ್ತಿಗೆ, ಇನ್ನೊಂದು ಬಾಯಿ ನಿನ್ನೆಗೆ ಇಟ್ಟ ಹಾಗೆ. ಆದ್ರೆ ಆ ತೂತು ಮುಚ್ಚಿಕೊಳ್ಳದ ಹಾಗೆ ಹಿಡಿದಿಡೋಕೆ ಒಂಥರಾ ವಸ್ತು ಬೇಕು. ಸೊನ್ನೆಗಿಂತ ಕಡಿಮೆ ತೂಗೋ ವಸ್ತು. ಅಷ್ಟು ಪ್ರಮಾಣದಲ್ಲಿ ಅದನ್ನ ಯಾರೂ ಕಂಡಿಲ್ಲ.”

“ಹುಡುಕಿದ್ರೆ ಸಿಗಬಹುದು.”

“ಸಿಕ್ಕಿದ್ರೂ, ಆ ತೂತು ಮಾಡಿದ ದಿನಕ್ಕಿಂತ ಹಿಂದಕ್ಕೆ ಹೋಗೋಕಾಗಲ್ಲ. ಇವತ್ತು ಮಾಡಿದ್ರೆ, ಮುಂದೆ ಬರೋರು ಇವತ್ತಿನ ತನಕ ಬರಬಹುದು. ನೀನು ಹುಟ್ಟಿದ ದಿನಕ್ಕೆ ಹೋಗಬೇಕಂದ್ರೆ, ನೀನು ಹುಟ್ಟೋಕೆ ಮುಂಚೆ ಯಾರಾದ್ರೂ ಮಾಡಿ ಇಟ್ಟಿರಬೇಕಿತ್ತು.”

“ಮೊಣಕೈಗೆ ಬೆಲ್ಲ ಹಚ್ಚಿದ ಹಾಗಾಯ್ತು” ಎಂದ ಮೇಲಿನವನು.

“ಇನ್ನೊಂದಿದೆ. ಹೇಗೋ ಹೋದೆ ಅಂತಲೇ ಇಟ್ಕೋ. ಆಗಿ ಹೋದದ್ದು ಬದಲಾಗಲ್ಲ ಅಂತಾರೆ ತುಂಬಾ ಜನ. ನೀನು ಅಲ್ಲಿ ಹೋಗಿ ಏನು ಮಾಡಿದ್ರೂ, ಅದು ಆವತ್ತೇ ಆಗಿದ್ದ ಸಂಗತಿಯೇ ಆಗಿರುತ್ತೆ.”

ಇದನ್ನು ಮೊದಲು ಅರ್ಥ ಮಾಡಿಕೊಂಡವನು ಕೆಳಗಿನವನು. ಅವನ ಮುಖ ಅರಳಿತು. “ಅಂದ್ರೆ ಇವನು ಹೋಗಿ, ನಾನು ಮೊದ್ಲು ನಾನು ಮೊದ್ಲು ಅಂತ ನೂಕಾಡಿ, ಆ ಗಲಾಟೆಯಲ್ಲೇ ಹತ್ತು ನಿಮಿಷ ತಡ ಮಾಡ್ಕೊಂಡಿರಬೇಕು!”

ಮೇಷ್ಟ್ರು ಒಪ್ಪಿದರು. ಭೌತಶಾಸ್ತ್ರದ ದೃಷ್ಟಿಯಿಂದ ಅದರಲ್ಲಿ ಯಾವ ದೋಷವೂ ಕಾಣಲಿಲ್ಲ. ಮೇಲಿನವನು ಆ ವಾರವೆಲ್ಲ ವಾಕಿಟಾಕಿ ಆಫ್ ಮಾಡಿಟ್ಟಿದ್ದ.

ಹೀಗೇ ಇನ್ನೂ ಬಹಳ ಭಾನುವಾರಗಳು ಕಳೆಯಬಹುದಿತ್ತು. ಒಂದು ದಿನ ಮೇಲಿನವನಿಗೆ ಕೆಳಗೆ ಹಳದಿ ಹೆಲ್ಮೆಟ್ಟು ಒಂದು ಕಡೆ ಕೂತಿರುವುದು ಕಾಣಿಸಿತು. ಅವನ ಅಣ್ಣ ಕೆಲಸದಲ್ಲಿ ಕೂತವನೇ ಅಲ್ಲ. ಮರುದಿನವೂ ಕೂತಿದ್ದ. ಆಸ್ಪತ್ರೆಗೆ ಕರೆದುಕೊಂಡು ಹೋದರೆ, ಹೊಟ್ಟೆಯಲ್ಲಿ ಗಡ್ಡೆ ಬೆಳೆದು ಅಕ್ಕಪಕ್ಕಕ್ಕೂ ಹಬ್ಬಿದೆ ಎಂದರು. ಕೊಯ್ದು ತೆಗೆಯುವ ಹಂತ ದಾಟಿತ್ತು. ವೈದ್ಯರು ವಯಸ್ಸಾದವರು, ನಿಧಾನವಾಗಿ ಮಾತಾಡುವವರು.

“ಆರು ತಿಂಗಳು ಅಂತ ಅಂದ್ಕೊಳ್ಳಿ.”

ಮೇಲಿನವನು ಕೇಳಿದ: “ಎಷ್ಟನೇ ಮಹಡಿಯಲ್ಲಿ?”

“ಏನಂದ್ರಿ?”

“ಆರು ತಿಂಗಳು ಅಂದ್ರಲ್ಲ. ಎಷ್ಟನೇ ಮಹಡಿಯಲ್ಲಿದ್ರೆ?”

ವೈದ್ಯರು ಅತ್ತಿಗೆಯ ಮುಖ ನೋಡಿದರು. ಅತ್ತಿಗೆ, “ಅವನು ಹಾಗೇನೇ ಡಾಕ್ಟ್ರೇ, ನೀವು ಔಷಧಿ ಬರೀರಿ” ಎಂದಳು.

ಆ ಸಂಜೆಯೇ ಮೇಲಿನವನು ವಿಷಯ ತೆಗೆದ. ಕಟ್ಟಡದ ನೆಲಮಾಳಿಗೆಯಲ್ಲಿ ಮುರಿದ ಕುರ್ಚಿ ತುಂಬಿಟ್ಟ ಒಂದು ಕೋಣೆ ಖಾಲಿ ಬಿದ್ದಿತ್ತು. ಅಣ್ಣನನ್ನು ಅಲ್ಲಿಗೆ ಇಳಿಸಬೇಕು. ಕೆಳಗೆ ಕಾಲ ನಿಧಾನ.

“ನಿಂಗೆ ತಲೆ ಕೆಟ್ಟಿದೆಯಾ?” ಎಂದಳು ಅತ್ತಿಗೆ. “ಬದುಕಿರೋ ಗಂಡನ್ನ ತಗೊಂಡು ಹೋಗಿ ಗೋಡೌನಲ್ಲಿ ಹಾಕ್ಲಾ?”

“ಸುಣ್ಣ ಹೊಡೆಸ್ತೀನಿ ಅತ್ತಿಗೆ.”

“ಸುಣ್ಣ ಹೊಡೆದ್ರೆ ಆಯಸ್ಸು ಬರುತ್ತಾ?”

“ಸುಣ್ಣದಿಂದಲ್ಲ. ಇಳಿದ್ರೆ ಬರುತ್ತೆ.”

ಮೇಷ್ಟ್ರನ್ನು ಕರೆಸಿದರು. ಮೇಷ್ಟ್ರಿಗೆ ಆ ದಿನ ಲೆಕ್ಕ ಹಾಕುವ ಮನಸ್ಸಿರಲಿಲ್ಲ, ಆದರೂ ಹಾಕಿದರು. ನಾಲ್ಕನೇ ಮಹಡಿಗೂ ನೆಲಮಾಳಿಗೆಗೂ ಆರು ತಿಂಗಳಲ್ಲಿ ಬೀಳುವ ವ್ಯತ್ಯಾಸ, ಒಮ್ಮೆ ರೆಪ್ಪೆ ಮಿಟುಕಿಸುವ ಹೊತ್ತಿನ ಕೋಟಿಯಲ್ಲೊಂದು ಪಾಲು. “ಅಷ್ಟೇ ಅಲ್ಲ” ಎಂದರು, ಹೇಳಬೇಕೋ ಬೇಡವೋ ಎಂಬಂತೆ. “ಅದೂ ಅವನಿಗೆ ಸಿಗಲ್ಲ. ಅವನ ಕೈಗಡಿಯಾರದಲ್ಲಿ ಆರು ತಿಂಗಳು ಆರೇ ತಿಂಗಳು. ಮೇಲಿರೋರ ಗಡಿಯಾರದಲ್ಲಿ ನೋಡಿದ್ರೆ ಮಾತ್ರ ಅವನು ಒಂದು ಚೂರು ಹೆಚ್ಚು ಹೊತ್ತು ಇದ್ದ ಹಾಗೆ. ಲಾಭ ಏನಿದ್ರೂ ಮೇಲಿರೋನಿಗೆ.”

“ನಂಗೆ” ಎಂದ ಮೇಲಿನವನು.

“ನಿಂಗೆ.”

“ಅದೇ ಬೇಕಾಗಿರೋದು.”

ಗೋಡೆಗೊರಗಿ ಕೂತಿದ್ದ ಕೆಳಗಿನವನೇ ಕೊನೆಗೆ ಬಾಯಿಬಿಟ್ಟ. “ಇಳಿಸ್ಲಿ ಬಿಡೇ. ಇಷ್ಟು ವರ್ಷ ಅವನಿಗೆ ನಾನು ಇಳಿಸು ಅಂದೆ, ಎತ್ತು ಅಂದೆ. ಒಂದ್ಸಲ ಅವನು ಹೇಳಿದ್ದೂ ಆಗ್ಲಿ.”

ಅತ್ತಿಗೆ ಒಪ್ಪಿದಳು. ಅವಳು ತಲೆಬಾಗಿದ್ದು ಭೌತಶಾಸ್ತ್ರಕ್ಕಲ್ಲ, ಮೆಟ್ಟಿಲುಗಳಿಗೆ. ವಾರಕ್ಕೊಮ್ಮೆ ಆಸ್ಪತ್ರೆಗೆ ಹೋಗಿ ನಾಲ್ಕು ಮಹಡಿ ಹತ್ತಿ ಬರುವುದು ರೋಗಿಗೆ ಇನ್ನು ಸಾಧ್ಯವಿರಲಿಲ್ಲ.

ಸುಣ್ಣ ಒಣಗಿದ ಮೇಲೆ ಅವನನ್ನು ಮರದ ಕುರ್ಚಿಯಲ್ಲಿ ಕೂರಿಸಿ ಇಳಿಸಿದರು. ಹಿಂದೆ ಮೇಲಿನವನು, ಮುಂದೆ ಮೇಷ್ಟ್ರು. ಮೇಷ್ಟ್ರಿಗೆ ಭಾರ ಹೊತ್ತು ಅಭ್ಯಾಸವಿಲ್ಲ. ಕುರ್ಚಿಯಲ್ಲಿ ಕೂತವನು ಜೇಬಿನಿಂದ ಕೈ ತೆಗೆದು, ಹಿಂದಿನವನಿಗೆ ಕಾಣುವಂತೆ ತಲೆಯ ಮೇಲೆತ್ತಿ ಸನ್ನೆ ಮಾಡತೊಡಗಿದ: ಇಳಿಸು, ನಿಲ್ಲು, ಎಡಕ್ಕೆ. ಎರಡನೇ ಮಹಡಿಯ ತಿರುವಿನಲ್ಲಿ ಮೇಷ್ಟ್ರ ಬೆನ್ನು ಗೋಡೆಗೆ ಸಿಕ್ಕಿಕೊಂಡಿತು.

“ನಿಲ್ಲೋ, ಮೇಷ್ಟ್ರು ಸಿಕ್ಕಿಹಾಕ್ಕೊಂಡ್ರು.”

“ಸನ್ನೆ ಮಾಡು. ಬಾಯಲ್ಲಿ ಹೇಳಿದ್ರೆ ನಂಗೆ ತಿಳಿಯಲ್ಲ.”

“ಮೇಷ್ಟ್ರು ಸಿಕ್ಕಿಹಾಕ್ಕೊಂಡ್ರೆ ಯಾವ ಸನ್ನೆಯೋ ಮಾಡೋದು?”

ಮೇಷ್ಟ್ರು ಗೋಡೆಗಂಟಿಕೊಂಡೇ, ಅವಸರವೇನೂ ಇಲ್ಲ ಎಂದರು.

ನೆಲಮಾಳಿಗೆಯ ಕೋಣೆಗೆ ಚಾವಣಿಯ ಹತ್ತಿರ ಒಂದು ಕಿಟಕಿ. ಅದು ಹೊರಗೆ ಬೀದಿಯ ಮಟ್ಟಕ್ಕಿತ್ತು. ಮಲಗಿದವನಿಗೆ ಹೋಗಿ ಬರುವವರ ಕಾಲು ಮಾತ್ರ ಕಾಣುತ್ತಿತ್ತು. ಕೆಳಗಿನವನಿಗೆ ಅದು ಹಿಡಿಸಿತು. ಎರಡೇ ವಾರದಲ್ಲಿ ಅವನು ಬೀದಿಯ ಅರ್ಧ ಜನರನ್ನು ಚಪ್ಪಲಿಯಿಂದ ಗುರುತಿಸುತ್ತಿದ್ದ. ಯಾರ ಹಿಮ್ಮಡಿ ಒಳಗೆ ಸವೆದಿದೆ, ಯಾರು ಮನೆಗೆ ಹೋಗಲು ಮನಸ್ಸಿಲ್ಲದೆ ನಿಧಾನಿಸುತ್ತಾರೆ ಎಂಬುದನ್ನೆಲ್ಲ ಹೆಂಡತಿಗೆ ವರದಿ ಮಾಡುತ್ತಿದ್ದ. ಅವಳು ಅಡುಗೆ ಮಾಡಲು ನಾಲ್ಕು ಮಹಡಿ ಹತ್ತಿ, ಬಡಿಸಲು ನಾಲ್ಕು ಮಹಡಿ ಇಳಿದು, ಮಿಕ್ಕ ಹೊತ್ತೆಲ್ಲ ಅವನ ಪಕ್ಕದ ಚಾಪೆಯಲ್ಲಿರುತ್ತಿದ್ದಳು.

ತಮ್ಮ ಮಾತ್ರ ಕೆಳಗೆ ಬರುತ್ತಿರಲಿಲ್ಲ.

ಅವನ ಪ್ರಕಾರ ಇದರಲ್ಲಿ ಅಸಡ್ಡೆ ಏನೂ ಇರಲಿಲ್ಲ, ಲೆಕ್ಕವಿತ್ತು. ಲಾಭ ಮೇಲಿರುವವನಿಗೆ. ಕೆಳಗಿಳಿದು ಅಣ್ಣನ ಪಕ್ಕ ಕೂತರೆ ಇಬ್ಬರ ಗಡಿಯಾರವೂ ಒಂದೇ ಆಗಿ ಉಳಿತಾಯ ನಿಂತುಹೋಗುತ್ತದೆ. ಆದ್ದರಿಂದ ಅವನು ಹಗಲು ಕ್ರೇನಿನಲ್ಲಿರುತ್ತಿದ್ದ, ಕತ್ತಲಾದ ಮೇಲೆ ಮನೆಯಲ್ಲೂ ಮಲಗದೆ ತಾರಸಿಗೆ ಹಾಸಿಗೆ ಒಯ್ಯುತ್ತಿದ್ದ. ಬೆಳಿಗ್ಗೆ ನೆಲಮಾಳಿಗೆಯ ಬಾಗಿಲಲ್ಲಿ ನಿಂತು “ಹೇಗಿದೀಯ?” ಎಂದು ಕೇಳಿ, “ಇದೀನಿ” ಎನ್ನುವುದನ್ನು ಕೇಳಿಸಿಕೊಂಡು ಹೊರಟುಬಿಡುತ್ತಿದ್ದ. ಬಾಗಿಲಲ್ಲಿ ನಿಂತಷ್ಟು ಹೊತ್ತೂ ನಷ್ಟವೇ.

“ಕೆಳಗೆ ಅಣ್ಣ ಸಾಯ್ತಿದಾನೆ, ಮೇಲೆ ತಮ್ಮ ಗಾಳಿ ತಗೋತಿದಾನೆ” ಎಂದಳು ಅತ್ತಿಗೆ, ಮೇಷ್ಟ್ರ ಬಳಿ. “ನೀವೇ ಹಚ್ಚಿದ ಹುಚ್ಚು ಇದು. ನೀವೇ ಬಿಡಿಸಿ.”

ಮೇಷ್ಟ್ರು ತಾರಸಿಗೆ ಹೋಗಿ ಪ್ರಯತ್ನಪಟ್ಟರು. ಅವನು, “ನಿಮ್ಮ ಲೆಕ್ಕ ತಪ್ಪಾ?” ಎಂದು ಕೇಳಿದ. ಲೆಕ್ಕ ತಪ್ಪಿರಲಿಲ್ಲ. ಮೇಷ್ಟ್ರು ಇಳಿದು ಬಂದರು.

ಸೈಟಿನಲ್ಲಿ ಸನ್ನೆ ಮಾಡಲು ಹೊಸಬನೊಬ್ಬ ಬಂದಿದ್ದ. ತರಬೇತಿ ಪಡೆದವನು. ಅವನ ಕೈ ಸ್ಪಷ್ಟ, ಕಲಿಸಿದ್ದು ಕಲಿಸಿದ ಹಾಗೇ ಇತ್ತು. ಹೆಲ್ಮೆಟ್ಟು ಯಾವತ್ತೂ ನೆಟ್ಟಗಿರುತ್ತಿತ್ತು. ಅವನಿಗೆ ಮನೆಯಲ್ಲಿ ಏನಾಗಿದೆ, ಏನಾಗಿಲ್ಲ ಎಂಬುದು ಮೇಲಿನಿಂದ ಎಷ್ಟು ನೋಡಿದರೂ ತಿಳಿಯುತ್ತಿರಲಿಲ್ಲ. ಅವನು ಸನ್ನೆ ಮಾಡಿದ್ದನ್ನೆಲ್ಲ ಮೇಲಿನವನು ಮಾಡಿದ. ದಿನಗಳು ಸರಿಯಾಗಿ, ಸಪ್ಪೆಯಾಗಿ ಸಾಗಿದವು.

ಸೈಟು ಮನೆಯಿಂದ ಎರಡೇ ಬೀದಿ ಆಚೆ. ಒಂದು ಬೆಳಿಗ್ಗೆ ಕಾಂಕ್ರೀಟಿನ ತೊಟ್ಟಿ ಎತ್ತುತ್ತಿರುವಾಗ, ಬಹಳ ದಿನ ಸುಮ್ಮನಿದ್ದ ವಾಕಿಟಾಕಿ ಕರಕರ ಎಂದಿತು. ಕೆಳಗಿನವನು ತನ್ನದನ್ನು ಕಂಪನಿಗೆ ಹಿಂದಿರುಗಿಸಿರಲಿಲ್ಲ. ಹೆಂಡತಿಯಿಂದ ಕಿಟಕಿಗೆ ಹಿಡಿಸಿಕೊಂಡು ಮಾತಾಡುತ್ತಿದ್ದ.

“ಲೇ. ಮೇಲೆ ಏನು ಮಾಡ್ತಿದೀಯ?”

“ಉಳಿಸ್ತಾ ಇದೀನಿ.”

“ಏನನ್ನ?”

“ಕಾಲಾನ.”

ಕರಕರ. “ಇಲ್ಲೀವರೆಗೆ ಎಷ್ಟಾಯ್ತು?”

“ಸ್ವಲ್ಪ ಆಗಿದೆ.”

“ಎಲ್ಲಿಟ್ಟಿದೀಯ?”

ಮೇಲಿನವನು ತೂಗುತ್ತಿದ್ದ ತೊಟ್ಟಿಯ ಕಡೆ ನೋಡಿದ.

“ಅಲ್ವೋ, ಉಳಿಸಿದ್ದನ್ನ ಖರ್ಚು ಮಾಡೋದು ಯಾವಾಗ? ನಾನು ಹೋದ ಮೇಲೆ ಒಬ್ನೇ ಕೂತ್ಕೊಂಡು ಮಾಡ್ತೀಯಾ?” ಸ್ವಲ್ಪ ಬಿಟ್ಟು, “ಇಲ್ಲಿ ಕೆಂಪು ಬೂಟಿನೋನೊಬ್ಬ ದಿನಾ ಬಂದು ಎದುರುಗಡೆ ಮನೆ ಮುಂದೆ ನಿಲ್ತಾನೆ. ಬೆಲ್ ಒತ್ತಲ್ಲ, ಹಾಗೇ ಹೋಗ್ತಾನೆ. ಯಾಕೆ ಅಂತ ನಂಗೆ ಗೊತ್ತಾಗ್ತಿಲ್ಲ. ನಿಂಗೆ ಗೊತ್ತಾಗಬಹುದು. ಬಾ.”

ಮೇಲಿನವನು ತೊಟ್ಟಿಯನ್ನು ಅದರ ಜಾಗದಲ್ಲಿ ಇಳಿಸಿದ. ಕೊಕ್ಕೆ ಖಾಲಿ ಮಾಡಿ ಮೇಲೆಳೆದ. ಎಂಜಿನ್ ಆರಿಸಿ, ಎರಡೂ ಬಾಟಲಿ ತೆಗೆದುಕೊಂಡು, ಏಣಿ ಇಳಿದ. ಹಾಡುಹಗಲಲ್ಲಿ ಅವನನ್ನು ನೆಲದ ಮೇಲೆ ಕಂಡು ಮೇಸ್ತ್ರಿ ಓಡಿ ಬಂದ.

“ಏನಾಯ್ತಪ್ಪ?”

“ಅಣ್ಣ ಕರೀತಿದಾನೆ.”

“ಅಯ್ಯೋ, ತುಂಬಾ ಜೋರಾಗಿದೆಯಾ?”

“ಜಗಳಕ್ಕೆ ಕರೀತಿದಾನೆ.”

“ಹಾಗಾದ್ರೆ ಪರವಾಗಿಲ್ಲ, ಹೋಗು” ಎಂದ ಮೇಸ್ತ್ರಿ. ಮರುದಿನ ಕ್ರೇನಿಗೆ ಬೇರೆಯವನನ್ನು ಕರೆಸಿಕೊಂಡರು.

ಅಂದಿನಿಂದ ಅವನು ನೆಲಮಾಳಿಗೆಯಲ್ಲೇ ಉಳಿದ. ಅಣ್ಣನ ಮೈ ಒರೆಸಿದ, ಔಷಧಿ ಕುಡಿಸಿದ, ಮಗ್ಗುಲು ಬದಲಿಸಿದ. ಮಿಕ್ಕ ಹೊತ್ತು ಇಬ್ಬರೂ ಮಲಗಿಕೊಂಡು ಕಾಲುಗಳನ್ನು ನೋಡುತ್ತಿದ್ದರು. ಕೆಂಪು ಬೂಟಿನವನು ಆ ಮನೆಯವರ ಸಾಲ ತೀರಿಸಬೇಕಾದವನು ಎಂದು ತಮ್ಮ, ಆ ಮನೆಯ ಹುಡುಗಿಗೆ ಮನಸೋತವನು ಎಂದು ಅಣ್ಣ. ಈ ವಿಷಯಕ್ಕೆ ಎರಡು ದಿನ ಮಾತು ಬಿಟ್ಟರು. ಕೊನೆಗೆ ಅತ್ತಿಗೆ ಹೊರಗೆ ಹೋಗಿ ವಿಚಾರಿಸಿಕೊಂಡು ಬಂದಳು. ಅವನು ಮೀಟರು ನೋಡುವವನಂತೆ. ನಾಯಿಗೆ ಹೆದರಿ ಒಳಗೆ ಹೋಗುತ್ತಿರಲಿಲ್ಲ.

ಭಾನುವಾರದ ಚಹಾ ಕೆಳಕ್ಕೆ ಇಳಿಯಿತು. ಹಾಗೆ ಕೂತಿದ್ದಾಗ ಮೇಲಿನವನು ಕೇಳಿದ: “ಅಣ್ಣ, ಹಿಂದಕ್ಕೆ ಹೋಗೋಕೆ ಅವಕಾಶ ಸಿಕ್ಕಿದ್ರೆ ಎಲ್ಲಿಗೆ ಹೋಗ್ತೀಯ?”

ಕೆಳಗಿನವನು ಕಿಟಕಿಯಲ್ಲಿ ಒಂದು ಜೊತೆ ಚಪ್ಪಲಿ ದಾಟಿ ಹೋಗುವುದನ್ನು ನೋಡಿದ. ಮೇಷ್ಟ್ರು ಲೋಟ ಹಿಡಿದುಕೊಂಡು ಕಾದರು.

“ಬೇಡ. ಅಲ್ಲೆಲ್ಲಾ ನಾನು ಈಗಾಗಲೇ ಇದೀನಲ್ಲ. ಇನ್ನೊಬ್ಬ ಯಾಕೆ?” ಎಂದ. ಆಮೇಲೆ, “ನಿಂಗೊಂದು ವಿಷಯ ಹೇಳ್ಲಾ? ನೀನು ಒಂಬೈನೂರು ಕೋಟಿ ವರ್ಷ ಕಾಯೋದೇ ಬೇಡ. ನಾನು ಹೋದ ಹತ್ತು ನಿಮಿಷಕ್ಕೆ ನೀನೇ ದೊಡ್ಡವನಾಗ್ತೀಯ. ನಾನು ಯಾವತ್ತೂ ಆಗಿರದಷ್ಟು ದೊಡ್ಡವನು. ಮೇಷ್ಟ್ರೇ, ಇದಕ್ಕೆ ನಿಮ್ಮ ಶಾಸ್ತ್ರ ಒಪ್ಪುತ್ತಾ?”

“ಒಪ್ಪುತ್ತೆ” ಎಂದರು ಮೇಷ್ಟ್ರು. ಆ ಮನೆಯಲ್ಲಿ ಅವರು ಕೊಟ್ಟ ಉತ್ತರಗಳಲ್ಲಿ ಅದೊಂದು ತಪ್ಪಾಗಲಿ ಎಂದು ಅವರಿಗಿತ್ತು.

“ನಂಗೆ ಬೇಡ” ಎಂದ ಮೇಲಿನವನು.

“ಬೇಡ ಅಂದ್ರೆ ಬಿಡುತ್ತಾ? ದೊಡ್ಡವನಾಗೋದು ಏನು ಸುಖ ಅಂದ್ಕೊಂಡಿದೀಯ? ಏಟೆಲ್ಲಾ ನಂಗೇ ಬಿದ್ದಿದ್ದು.”

ಕೆಳಗಿನವನು ಐದನೇ ತಿಂಗಳಿನಲ್ಲಿ, ಒಂದು ಮಧ್ಯಾಹ್ನ, ಊಟದ ಹೊತ್ತು ಕಳೆದ ಮೇಲೆ ತೀರಿಕೊಂಡ. ಹೊರಗೆ ಶಾಲೆ ಬಿಟ್ಟಿತ್ತು. ಕಿಟಕಿಯ ತುಂಬ ಸಣ್ಣ ಸಣ್ಣ ಕಾಲುಗಳು ಓಡುತ್ತಿದ್ದವು. ಹೆಂಡತಿ ಒಂದು ಕೈ ಹಿಡಿದಿದ್ದಳು, ತಮ್ಮ ಒಂದು ಕೈ. ಗೋಡೆಯಲ್ಲಿ ಗಡಿಯಾರವಿತ್ತು. ಯಾರೂ ಅದರ ಕಡೆ ನೋಡಲಿಲ್ಲ. ಮಾಡಬೇಕಾದ್ದನ್ನೆಲ್ಲ ಮಾಡಿದರು. ಸೈಟಿನವರೆಲ್ಲ ಬಂದಿದ್ದರು. ಜಂಬದ ಮನುಷ್ಯ ಎಂದವರೂ ಬಂದಿದ್ದರು.

ಆಮೇಲೆ ಮೇಸ್ತ್ರಿ ಕರೆಯಲು ಬಂದ. ಬದಲಿಗೆ ಬಂದವನು ಬಿಟ್ಟುಹೋದ, ಕ್ರೇನು ಖಾಲಿ ಇದೆ, ಯಾವಾಗ ಹತ್ತುತ್ತೀಯ ಎಂದ. ಮೇಲಿನವನು ಹತ್ತುವುದಿಲ್ಲ ಎಂದ. ನೆಲದ ಮೇಲೆ ಏನಾದರೂ ಕೆಲಸವಿದ್ದರೆ ಕೊಡಿ, ಕಂಬಿ ಕಟ್ಟುತ್ತೇನೆ ಎಂದ. ಮೇಸ್ತ್ರಿಗೆ ಅರ್ಥವಾಗಲಿಲ್ಲ. ಮೇಷ್ಟ್ರಿಗೆ ಅರ್ಥವಾಯಿತು. ಆದರೂ ಕೇಳಿದರು.

“ಮೇಲೆ ಕೂತ್ರೆ ಕಾಲ ಬೇಗ ಓಡುತ್ತೆ ಅಂದಿದ್ರಲ್ಲ” ಎಂದ ಅವನು. “ಅವನು ಹೋಗಿ ಇನ್ನೂ ಜಾಸ್ತಿ ದಿನ ಆಗಿಬಿಡುತ್ತೆ.”

“ವ್ಯತ್ಯಾಸ ಏನೂ ಇಲ್ಲಪ್ಪ.”

“ಗೊತ್ತು.”

ನೆಲಮಾಳಿಗೆಯ ಕೋಣೆಯನ್ನೂ ಅವನು ಬಿಡಲಿಲ್ಲ. ಕಂಬಿ ಕಟ್ಟಿ ಬಂದು ಅದೇ ಹಾಸಿಗೆಯ ಮೇಲೆ ಕೂರುತ್ತಿದ್ದ. ಅತ್ತಿಗೆ ಮಾತ್ರ ಮೇಲಕ್ಕೆ ಹೋಗಿದ್ದಳು. ಡಬ್ಬಿಯಲ್ಲಿ ಊಟ ಹಾಕಿ ಬಾಗಿಲಲ್ಲಿಟ್ಟು ಹೋಗುತ್ತಿದ್ದಳು. ತೊಳೆದ ಡಬ್ಬಿಯನ್ನು ಅವನು ಮೆಟ್ಟಿಲ ಮೇಲೆ ಇಡುತ್ತಿದ್ದ. ಹೀಗೆ ಕೆಲವು ವಾರ ನಡೆಯಿತು.

ಒಂದು ಸಂಜೆ ಡಬ್ಬಿಯಿಲ್ಲದೆ ಇಳಿದು ಬಂದಳು. ಬಾಗಿಲಲ್ಲಿ ನಿಂತು ಏದುಸಿರು ಸರಿಮಾಡಿಕೊಂಡಳು.

“ಊಟ ಎಲ್ಲಿ ಅತ್ತಿಗೆ?”

“ಮೇಲಿದೆ. ಬಡಿಸಿಟ್ಟಿದೀನಿ.”

“ನಾನು ಇಲ್ಲೇ...”

“ಇಲ್ಲಿ ಕಾಲ ನಿಧಾನ, ಮೇಲೆ ಬೇಗ. ಹೌದು ತಾನೇ? ನೀವೆಲ್ಲಾ ಸೇರಿ ಸಾವಿರ ಸಲ ಹೇಳಿದೀರ, ನಂಗೂ ಬಂತು.” ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. “ಇವರು ಹೋದ್ರು. ನೀನು ಇಲ್ಲಿ ನಿಧಾನಕ್ಕೆ ಕೂತಿದೀಯ. ನಾನೊಬ್ಳು ನಾಲ್ಕನೇ ಮಹಡೀಲಿ ಬೇಗ ಬೇಗ ಮುದುಕಿ ಆಗ್ತಾ ಇರಬೇಕಾ? ಜೊತೆಗಾದ್ರೂ ಬಂದು ಆಗಬಾರದಾ?”

ಭೌತಶಾಸ್ತ್ರ ಅವಳ ಪರವಾಗಿತ್ತು. ಮೇಷ್ಟ್ರನ್ನು ಕೇಳಿದ್ದರೆ ಅವರೂ ಅತ್ತಿಗೆಯ ಕಡೆಗೇ ತೀರ್ಪು ಕೊಡುತ್ತಿದ್ದರು.

ಎದ್ದು ದೀಪ ಆರಿಸಿದ. ಹಾಸಿಗೆ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡ. ಎರಡನೇ ಮಹಡಿಯ ತಿರುವಿನಲ್ಲಿ ಅತ್ತಿಗೆಗೆ ಮಂಡಿ ಹಿಡಿಯಿತು. ಅವನು ಹಾಸಿಗೆಯನ್ನು ಮೆಟ್ಟಿಲ ಮೇಲೆ ಹಾಕಿ, “ಕೂತ್ಕೊಳ್ಳಿ” ಎಂದ. ಅವಳು ಕೂತಳು. ಅವನೂ ಒಂದು ಮೆಟ್ಟಿಲು ಕೆಳಗೆ ಕೂತ. ಊಟ ಆರುತ್ತದೆ ಎಂದು ಅವಳು ಹೇಳಿದಳು. ಆರಲಿ ಎಂದ ಅವನು.